ಹಗೇವಿನ ಗಾಳಿ

ಕೆಂಗುಳಿಯಲ್ಲಿ ಯಾರ ಮನೆಗೆ ಹೋದರೂ ಏನನ್ನು ಬೇಕಾದರೂ ಕೇಳಬಹುದಿತ್ತು. ಸೊಸೆ ಹೊಂದಿಕೊಂಡಳೇ, ಮಗನ ಕುಡಿತ ನಿಂತಿತೇ, ಎರಡನೆಯವಳಿಗೆ ಇನ್ನೂ ಯಾಕೆ ಗಂಡು ಸಿಕ್ಕಿಲ್ಲ, ಎಲ್ಲವನ್ನೂ. ಕೇಳದಿದ್ದರೇ ಮುಖ ಊದಿಸಿಕೊಳ್ಳುವ ಜನ. ಆದರೆ "ನಿಮ್ಮ ಹಗೇವಿನಾಗ ಎಷ್ಟೈತಿ?" ಎಂದು ಮಾತ್ರ ಕೇಳುವ ಹಾಗಿರಲಿಲ್ಲ. ಹಾಗೆ ಕೇಳಿದ ತಪ್ಪಿಗೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದನ್ನು, ಬೀಗರು ಉಣ್ಣದೆ ಎದ್ದು ಹೋಗಿದ್ದನ್ನು ಊರು ಕಂಡಿತ್ತು.

ಹಗೇವು ಭೂಮಿಯಿಂದ ಬಂದ ಮಾತು. ಬಳ್ಳಾರಿ ಸೀಮೆಯ ಮುತ್ತಜ್ಜಂದಿರು ನೆಲ ಅಗೆದು ಜೋಳ ತುಂಬಿಡುತ್ತಿದ್ದ ಗುಳಿಗೆ ಹಾಗೆನ್ನುತ್ತಿದ್ದರು. ಅವರ ಮೊಮ್ಮಕ್ಕಳು ಅದಿರು ತೆಗೆಯುವ ಕೂಲಿಗೆಂದು ಮಂಗಳಗ್ರಹಕ್ಕೆ ಬಂದು, ಒಂದು ಕೆಂಪು ಕುಳಿಯಲ್ಲಿ, ಗಾಜಿನ ಗುಮ್ಮಟದ ಕೆಳಗೆ ಊರು ಕಟ್ಟಿಕೊಂಡರು. ಗುಮ್ಮಟ ಗಣಿ ಕಂಪನಿಯದು, ಗಾಳಿಯೂ ಕಂಪನಿಯದು. ಸಂಬಳದಲ್ಲಿ ಉಸಿರಿನ ಬಾಬ್ತು ಎಂದು ಹಿಡಿದುಕೊಂಡೇ ಕೊಡುತ್ತಿದ್ದರು. ಜನ ತಿರುಗಿಬಿದ್ದಾಗ ಕಂಪನಿ ಬೇರೇನೂ ಮಾಡಲಿಲ್ಲ. "ಗಾಬರಿಯಾಗಬೇಡಿ" ಎಂದು ಧ್ವನಿವರ್ಧಕದಲ್ಲಿ ಸಾರಿ, ಸೈರನ್ ಊದಿ, ಗಾಳಿ ನಿಲ್ಲಿಸಿತು. ವಾರಗಟ್ಟಲೆ ಜನ ಹೆಲ್ಮೆಟ್ಟಿನ ಸಿಲಿಂಡರಿಗೆ ಬಾಯಿ ಹಚ್ಚಿ ಸರದಿಯ ಮೇಲೆ ಉಸಿರಾಡಿದರು. ಸತ್ತವರು ಸತ್ತರು. ಕಡೆಗೆ ಕಂಪನಿಯೇ ಗಂಟುಮೂಟೆ ಕಟ್ಟಿತು, ಕೆಂಗುಳಿ ಸ್ವತಂತ್ರ ದೇಶವಾಯಿತು.

ಸ್ವತಂತ್ರ ದೇಶದ ಪ್ರಜೆಗಳು ಮೊದಲು ಮಾಡಿದ ಕೆಲಸ ಧ್ವಜ ಹಾರಿಸುವುದಲ್ಲ, ಮನೆಮನೆಯಲ್ಲೂ ನೆಲ ಅಗೆದು ಉಕ್ಕಿನ ತೊಟ್ಟಿ ಹೂಳುವುದು. ಸಾರ್ವಜನಿಕ ಕೊಳವೆಯಿಂದ ಚೂರುಚೂರೇ ಗಾಳಿ ಎಳೆದು ಅದರಲ್ಲಿ ಒತ್ತಿ ತುಂಬುವುದು. ಅದಕ್ಕೇ ಹಗೇವು ಎಂಬ ಹೆಸರು ಬಿತ್ತು. ಹೊಸ ಸೊಸೆ ಮನೆಗೆ ಬಂದರೆ ಪಂಪಿನ ಹಿಡಿಕೆಗೆ ಕುಂಕುಮ ಹಚ್ಚಿ ಅವಳ ಕೈಯಲ್ಲಿ ನಾಲ್ಕು ಸಲ ಒತ್ತಿಸುವುದು ಶಾಸ್ತ್ರವಾಯಿತು. ಎರ್ರಿಸ್ವಾಮಿ ಮೇಸ್ತ್ರಿ ಎಲ್ಲರ ಹಗೇವಿಗೂ ಒಂದೇ ನಮೂನೆಯ ಬಾಯಿ ಕೂರಿಸಿಕೊಟ್ಟಿದ್ದ. ಮನೆಯ ಗಾಳಿ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಅದು ತಾನಾಗಿಯೇ ತೆರೆದುಕೊಳ್ಳುತ್ತಿತ್ತು, ತೆರೆದರೆ ಪೂರಾ ಖಾಲಿಯಾಗುವ ತನಕ ಮುಚ್ಚುತ್ತಿರಲಿಲ್ಲ. ಎಚ್ಚರ ತಪ್ಪಿದವರು ಎದ್ದು ಬಂದು ತಿರುಪು ತಿರುಗಿಸಲಾರರು ಎಂಬುದನ್ನು ಆ ಕೆಟ್ಟ ದಿನಗಳಲ್ಲಿ ಅವನು ಕಣ್ಣಾರೆ ಕಂಡಿದ್ದ.

ಹುಲಿಗೆಮ್ಮ ಈ ದೇಶದ ಗಾಳಿಮನೆಯ ಯಜಮಾನಿ. ಗಾಳಿ ತಯಾರಿಸುವ ಯಂತ್ರ, ಅದನ್ನು ಹಂಚುವ ಕೊಳವೆ, ಅಳೆಯುವ ಮುಳ್ಳು ಎಲ್ಲ ಅವಳ ಸುಪರ್ದಿಯಲ್ಲಿತ್ತು. ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲಿ. ಸ್ವಾತಂತ್ರ್ಯ ಬಂದಾಗಿನಿಂದ ಅವಳ ಸಿಟ್ಟಿಗೆ ಒಂದೇ ಕಾರಣವಿತ್ತು: ಯಂತ್ರ ಹಗಲಿರುಳು ದುಡಿದರೂ ಗುಮ್ಮಟದ ಗಾಳಿ ತೆಳುವಾಗಿಯೇ ಉಳಿದಿತ್ತು. ಎಲ್ಲೋ ಸೋರುತ್ತಿದೆ ಎಂದು ಗೋಡೆಗೋಡೆ ತಟ್ಟಿ ನೋಡಿದ್ದಳು, ಬೆಸುಗೆಗಳಿಗೆ ಸೋಪಿನ ನೀರು ಬಳಿದು ಗುಳ್ಳೆ ಹುಡುಕಿದ್ದಳು. ಬಿರುಕು ಸಿಗಲಿಲ್ಲ. ಯಂತ್ರಕ್ಕೆ ಮುದಿತನ ಬಂದಿದೆ ಎಂದು ಕಂಪನಿಯನ್ನು ಬೈದುಕೊಂಡು ಸುಮ್ಮನಾಗಿದ್ದಳು.

ತೆಳು ಗಾಳಿಗೆ ದೊಡ್ಡವರು ಒಗ್ಗಿಕೊಂಡರು. ಹೊಟ್ಟೆಯೊಳಗಿನ ಕೂಸುಗಳು ಒಗ್ಗಲಿಲ್ಲ. ಏಳು ತಿಂಗಳು ದಾಟುತ್ತಿದ್ದಂತೆ ಒಳಗೇ ಉಸಿರು ಬಿಡುತ್ತಿದ್ದವು. ಮೊದಲು ಬಸುರಿಯರನ್ನು ಬಯಲಿನಾಚೆಯ ಒಕ್ಕೂಟದ ಆಸ್ಪತ್ರೆಗೆ ಕಳಿಸುತ್ತಿದ್ದರು. ಒಕ್ಕೂಟವೆಂದರೆ ಮಂಗಳದ ದೊಡ್ಡ ದೊಡ್ಡ ಊರುಗಳು ಒಂದೇ ಕೊಳವೆಯಲ್ಲಿ ಒಂದೇ ಗಾಳಿ ಹಂಚಿಕೊಂಡು ಬದುಕುವ ಏರ್ಪಾಡು. ಈಚೆಗೆ ಅವರು ಹೊರದೇಶದವರಿಗೆ ಬಾಗಿಲು ಮುಚ್ಚಿದ್ದರು. ಒಕ್ಕೂಟಕ್ಕೆ ಸೇರಿ, ಇಲ್ಲವೇ ನಿಮ್ಮ ಪಾಡು ನೀವು ನೋಡಿಕೊಳ್ಳಿ ಎಂದಿದ್ದರು.

ಹುಲಿಗೆಮ್ಮನ ಒಬ್ಬಳೇ ಮಗಳು ಹೊನ್ನಿಗೆ ಆಗ ಆರು ತಿಂಗಳು.

*

ಸೇರ್ಪಡೆಯ ಪರೀಕ್ಷೆಯ ದಿನ ಬೆಳಿಗ್ಗೆ ಹುಲಿಗೆಮ್ಮ ಗಾಳಿಮನೆಗೆ ಹೋಗುವ ದಾರಿಯಲ್ಲಿ ಮಗಳ ಮನೆಗೆ ಹೊಕ್ಕಳು. ಹೊನ್ನಿ ಗೋಡೆಗೆ ಒರಗಿ, ಕಾಲು ಚಾಚಿ ಕೂತಿದ್ದಳು. ತುಟಿ ನೀಲಿಗಟ್ಟಿತ್ತು. ಎರ್ರಿಸ್ವಾಮಿ ಹೊರಡಲೆಂದು ಆಗಷ್ಟೇ ಏಳುತ್ತಿದ್ದ. ಹುಲಿಗೆಮ್ಮನ ಗಂಡನೂ ಅವನೂ ಒಂದೇ ಪಾಳಿಯಲ್ಲಿ ದುಡಿದವರು. ಗಂಡ ಹೋದ, ಇವನು ಗಣಿಧೂಳು ತುಂಬಿದ ಎದೆ ಹೊತ್ತುಕೊಂಡು ಉಳಿದ. ಅವನ ಕೈಯಲ್ಲೊಂದು ಚಿಕ್ಕ ಸಿಲಿಂಡರ್ ಇತ್ತು. ಅದು ಅವನ ಬೆರಳಲ್ಲಿ ಹಗುರವಾಗಿ ತೂಗಾಡುತ್ತಿತ್ತು.

ಇದ್ಯಾಕೆ ತಂದಿದ್ದ ಎಂದು ಹುಲಿಗೆಮ್ಮನಿಗೆ ಕೇಳಬೇಕೆನಿಸಿತು. ಗಾಳಿಯ ವಿಷಯ ಕೇಳಬಾರದು. ಕೇಳಲಿಲ್ಲ.

"ಏನಬೇ ಹುಲಿಗೆಮ್ಮ, ಇವತ್ತು ನಮ್ಮ ಮದುವಿ ಅಂತಲ್ಲ ಒಕ್ಕೂಟದ ಕೂಡ?" ಎಂದ ಎರ್ರಿಸ್ವಾಮಿ, ಎರಡು ಮಾತಿಗೊಮ್ಮೆ ಕೆಮ್ಮುತ್ತ. "ವರ ಹೆಂಗದಾನ?"

"ವರ ಗಾಳಿಮನ್ಯಾಗ ಕುಂತಾನ. ರೆಬೆಲ್ಲೊ ಅಂತ, ಕರಾವಳಿ ಕಡೆಯೋರ ಮೊಮ್ಮಗ. ನಮ್ಮ ಚಾ ಸೈತ ಕುಡಿಲಿಲ್ಲ, ಮನಿಂದ ತಂದಿದ್ದ ಕುಡಿದ."

"ನಮ್ಮನ್ನ ನಂಬಿಲ್ಲ ಹಂಗಾರ."

"ನೀ ನಂಬ್ತೀ ಏನ ಅವನ್ನ?"

"ನಾ ಯಾರನ್ನ ನಂಬಿದ್ರೂ ಏನಾತು, ಎಲ್ಡು ದಿನದ ಮನುಷ್ಯ," ಎಂದು ನಗುತ್ತ ಅವನು ಹೊರಟ. ಹೊನ್ನಿ ತಲೆ ತಗ್ಗಿಸಿ ಏನೋ ಹೇಳಲು ಹೊರಟವಳು ನಿಲ್ಲಿಸಿದಳು.

"ಯವ್ವಾ, ಪಾಸ್ ಆಕ್ಕತೇನು?" ಎಂದಳು ಅವನು ಹೋದ ಮೇಲೆ.

"ಆಗಲಿಲ್ಲಂದ್ರ ನಾ ಬಿಡ್ತೀನೇನು?" ಎಂದು ಗದರಿ ಹುಲಿಗೆಮ್ಮ ಮಗಳ ಹೊಟ್ಟೆಯ ಮೇಲೆ ಕೈಯಿಟ್ಟಳು. ಒಳಗಿನದು ಒದ್ದಿತು. ಬಲವಿಲ್ಲದ ಒದೆ. ಅವಳಿಗೆ ಹೆದರಿಕೆಯಾಯಿತು, ಹೆದರಿಕೆಯಾದಾಗಲೆಲ್ಲ ಆಗುವಂತೆ ಸಿಟ್ಟೂ ಬಂತು.

*

ಪರೀಕ್ಷೆ ಕೇಳುವುದಕ್ಕೆ ಸರಳವಾಗಿತ್ತು. ಬಯಲಿನುದ್ದಕ್ಕೂ ಹಾಸಿದ್ದ ಹೊಸ ಕೊಳವೆಯ ಕವಾಟವನ್ನು ಒಂದು ಹಗಲು ತೆರೆದಿಡುವುದು. ಕೊಳವೆಯ ಬಾಯಲ್ಲೊಂದು ಅಳತೆಯ ಮುಳ್ಳು. ಮೊದಲಿಗೆ ಒಕ್ಕೂಟ ತನ್ನ ಕಡೆಯಿಂದ ಒಂದಿಷ್ಟು ಗಾಳಿ ಕೊಟ್ಟು ಎರಡೂ ಕಡೆಯ ಒತ್ತಡ ಸಮಮಾಡುತ್ತದೆ. ಆಮೇಲೆ ಮುಳ್ಳು ನಟ್ಟನಡುವೆ ನಿಂತರೆ ಆ ಊರು ಕೊಡುವಷ್ಟು ಕೊಟ್ಟು ತಗೊಳ್ಳುವಷ್ಟೇ ತಗೊಳ್ಳುತ್ತಿದೆ ಎಂದರ್ಥ. ಎಡಕ್ಕೆ ವಾಲಿದರೆ ಆ ಊರು ಕುಡಿಯುತ್ತಿದೆ. ಸೋರುವ ಊರೊಂದನ್ನು ಸೇರಿಸಿಕೊಂಡರೆ ಉಳಿದೆಲ್ಲ ಊರುಗಳ ಉಸಿರೂ ಆ ತೂತಿನಲ್ಲೇ ಹೋಗುತ್ತದೆ.

"ಹಿಂದೆ ಒಂದು ಊರನ್ನು ಹೀಗೆಯೇ ನಂಬಿ ಸೇರಿಸಿಕೊಂಡದ್ದು," ಎಂದ ಐವನ್ ರೆಬೆಲ್ಲೊ. ಒಣಕಲು ದೇಹದ, ಇಸ್ತ್ರಿ ಮುರಿಯದ ಅಂಗಿಯ ಮನುಷ್ಯ. "ಅದರಲ್ಲಿ ನನ್ನ ತಮ್ಮ ಹೋದ. ಹಾಗಾಗಿ ನನಗೆ ನಿಮ್ಮ ಮೇಲೆ ವಿಶ್ವಾಸ ಎಂತದೂ ಇಲ್ಲ. ಮುಳ್ಳಿನ ಮೇಲೆ ಉಂಟು."

"ನಮಗೂ ನಿಮ್ಮ ಮ್ಯಾಲೆ ಇಲ್ಲ ಬಿಡ್ರಿ," ಎಂದಳು ಹುಲಿಗೆಮ್ಮ. ಅಲ್ಲಿಗೆ ಇಬ್ಬರಿಗೂ ಒಬ್ಬರನ್ನೊಬ್ಬರು ಅರ್ಥಮಾಡಿಕೊಂಡಂತಾಯಿತು.

ದೊಡ್ಡ ಕವಾಟ ತೆರೆಯುವ ಮುಂಚೆ ಸೈರನ್ ಊದಬೇಕು ಎಂಬುದು ಒಕ್ಕೂಟದ ಸುರಕ್ಷತಾ ನಿಯಮ. ಹುಲಿಗೆಮ್ಮ ಒಪ್ಪಿದ್ದಳು. ಜನ ಬೆಚ್ಚಬಾರದು ಎಂದು ಅಧ್ಯಕ್ಷ ಗಾದಿಲಿಂಗಪ್ಪ ಹಿಂದಿನ ದಿನದಿಂದ ಧ್ವನಿವರ್ಧಕದಲ್ಲಿ ಸಾರಿಸಿದ್ದೇ ಸಾರಿಸಿದ್ದು: ನಾಳೆ ಸೈರನ್ ಆಗುತ್ತದೆ, ಗಾಬರಿಯಾಗಬೇಡಿ, ದಯವಿಟ್ಟು ಗಾಬರಿಯಾಗಬೇಡಿ. ಆ ಮಾತನ್ನು ಹಿಂದೆ ಯಾರು, ಯಾವಾಗ ಹೇಳಿದ್ದರು ಎಂಬುದು ಅವನಿಗೂ ನೆನಪಾಗಲಿಲ್ಲ, ಅವಳಿಗೂ ನೆನಪಾಗಲಿಲ್ಲ. ಊರಿಗೆ ನೆನಪಿತ್ತು.

ಸೈರನ್ ಊದಿತು. ಕವಾಟ ತೆರೆಯಿತು. ಒತ್ತಡ ಸಮವಾಗಿ ಮುಳ್ಳು ನಡುವೆ ಬಂದು ನಿಂತಿತು. ಹುಲಿಗೆಮ್ಮ ಉಸಿರು ಬಿಡುವಷ್ಟರಲ್ಲಿ ಅದು ಎಡಕ್ಕೆ ಹೊರಳಿತು. ಇನ್ನೂ ಎಡಕ್ಕೆ. ಆಮೇಲೆ ಹಿಡಿದೆಳೆದಂತೆ ಪೂರಾ ಎಡಕ್ಕೆ ಹೋಗಿ ಗೂಟಕ್ಕೆ ಬಡಿದು ನಡುಗತೊಡಗಿತು. ಒಕ್ಕೂಟದ ಗಾಳಿ ಹೊಳೆಯಂತೆ ಕೆಂಗುಳಿಯೊಳಗೆ ನುಗ್ಗುತ್ತಿತ್ತು, ಗುಮ್ಮಟದ ಒತ್ತಡ ಮಾತ್ರ ಕೂದಲೆಳೆಯಷ್ಟೂ ಏರುತ್ತಿರಲಿಲ್ಲ.

ಒಕ್ಕೂಟದ ಗಡಿಠಾಣೆಯಿಂದ ರೇಡಿಯೊದಲ್ಲಿ ಯಾರೋ ಕಿರುಚಿದರು. ಅಲ್ಲಿನ ಆಸ್ಪತ್ರೆಯಲ್ಲಿ ಒತ್ತಡ ಬಿದ್ದು ರೋಗಿಗಳ ಕಿವಿಯಲ್ಲಿ ರಕ್ತ ಬರುತ್ತಿದೆ ಎಂದರು. ರೆಬೆಲ್ಲೊ ಎದ್ದು, ಎರಡೂ ಕೈಯಲ್ಲಿ ಕವಾಟದ ಚಕ್ರ ತಿರುಗಿಸಿ ಮುಚ್ಚಿದ.

"ಕಳ್ಳರು ಮಾರಾಯ್ರೆ ನೀವು," ಎಂದ. ದನಿ ಏರಿಸಲಿಲ್ಲ. "ಇಡೀ ಊರೇ ಕಳ್ಳರು. ಎಲ್ಲಿಗೆ ಹೋಯಿತು ಅಷ್ಟು ಗಾಳಿ? ಹೇಳಿ. ಎಲ್ಲಿ ಇಟ್ಟಿದ್ದೀರಿ?"

ಹುಲಿಗೆಮ್ಮನ ಕಣ್ಣು ಮುಳ್ಳಿನ ಮೇಲಿತ್ತು, ಕಿವಿ ನೆಲದ ಮೇಲಿತ್ತು. ನೆಲದಡಿಯಿಂದ ಒಂದು ಸದ್ದು ಬರುತ್ತಿತ್ತು. ಇಡೀ ಊರಿನ ಪಂಪುಗಳು ಒಟ್ಟಿಗೇ ಒತ್ತುತ್ತಿದ್ದವು.

*

ರೆಬೆಲ್ಲೊ ಅಂದೇ ಹೊರಡಲಿಲ್ಲ. ಬಯಲಿನಲ್ಲಿ ಧೂಳು ಎದ್ದಿತ್ತು, ಅವನ ಗಾಡಿ ಗುಮ್ಮಟದ ಹೆಬ್ಬಾಗಿಲಲ್ಲೇ ನಿಂತಿತು. ಧೂಳು ಇಳಿದ ಮೇಲೆ ವರದಿ ಒಯ್ಯುತ್ತೇನೆ, ಮತ್ತೆ ಪರೀಕ್ಷೆ ಮಂಗಳದ ಮುಂದಿನ ವರ್ಷ ಎಂದ. ಮಂಗಳದ ವರ್ಷವೆಂದರೆ ಭೂಮಿಯ ಸುಮಾರು ಎರಡು ವರ್ಷ. ಹೊನ್ನಿಯ ಹೊಟ್ಟೆ ಅಷ್ಟು ದಿನ ಕಾಯುವಂಥದ್ದಲ್ಲ.

ಹುಲಿಗೆಮ್ಮ ಗಾಳಿಮನೆಯಲ್ಲಿ ಒಬ್ಬಳೇ ಕೂತು ಲೆಕ್ಕ ಹಾಕಿದಳು. ಯಂತ್ರ ಇಷ್ಟು ವರ್ಷ ಮಾಡಿದ ಗಾಳಿ ಎಷ್ಟು, ಜನ ಉಸಿರಾಡಿದ್ದು ಎಷ್ಟು. ಉಳಿದದ್ದಕ್ಕೆ ಅವಳು ಯಾವಾಗಲೂ ಸೋರಿಕೆ ಎಂದು ಹೆಸರಿಟ್ಟಿದ್ದಳು. ಈಗ ಆ ಸೋರಿಕೆಯನ್ನು ಊರಿನ ಮನೆಗಳಿಗೆ ಹಂಚಿ ನೋಡಿದಳು. ಪ್ರತಿ ಹಗೇವಿಗೆ ಬಂದ ಪಾಲು ಎರ್ರಿಸ್ವಾಮಿ ಹೂತ ತೊಟ್ಟಿಯ ಅಳತೆಗೆ ಸರಿಯಾಗಿ ಕೂತಿತು.

ಯಂತ್ರಕ್ಕೆ ಏನೂ ಆಗಿರಲಿಲ್ಲ. ಗೋಡೆ ಸೋರುತ್ತಿರಲಿಲ್ಲ. ಕೆಂಗುಳಿಗೆ ಬೇಕಾದ ಗಾಳಿ ಕೆಂಗುಳಿಯಲ್ಲೇ, ಅವರವರ ಮಂಚದ ಕೆಳಗೆ ಇತ್ತು. ನಾನೊಬ್ಬಳು ನಾಲ್ಕು ಉಸಿರು ತುಂಬಿಟ್ಟರೆ ಏನಾದೀತು ಎಂದು ಪ್ರತಿಯೊಬ್ಬಳೂ ತುಂಬಿದ್ದಳು. ಹುಲಿಗೆಮ್ಮನೂ ತುಂಬಿದ್ದಳು, ಗಾಳಿಮನೆಯಿಂದ ದಣಿದು ಬಂದ ದಿನಗಳಲ್ಲೂ ಬಿಡದೆ. ಅಜ್ಜಿಯರು ಮೊಮ್ಮಕ್ಕಳಿಗೆಂದು ಕೂಡಿಟ್ಟ ಗಾಳಿಯೇ ಮೊಮ್ಮಕ್ಕಳನ್ನು ಹೊಟ್ಟೆಯಲ್ಲೇ ಕೊಂದಿತ್ತು. ಅವಳು ಮೇಜಿಗೆ ಹಣೆಯಿಟ್ಟು ಅತ್ತಳು, ಆಮೇಲೆ ಎದ್ದು ಮುಖ ತೊಳೆದುಕೊಂಡು ಸಭೆ ಕರೆಸಿದಳು.

ಸಭೆಯೆಂದರೆ ಅಂಥ ಸಭೆ ಯಾವ ಶತ್ರುವಿಗೂ ಬೇಡ. ಸಮಾಜ ಭವನ ಕಿಕ್ಕಿರಿದಿತ್ತು. ಹುಲಿಗೆಮ್ಮ ಲೆಕ್ಕ ಹೇಳಿದಳು, ಎಲ್ಲರೂ ಹಗೇವು ತೆರೆದರೆ ಗುಮ್ಮಟದ ಗಾಳಿ ಒಕ್ಕೂಟದಷ್ಟೇ ದಪ್ಪವಾಗುತ್ತದೆ, ರೆಬೆಲ್ಲೊ ಇನ್ನೂ ಇಲ್ಲೇ ಇದ್ದಾನೆ, ವರದಿ ಹೋಗಿಲ್ಲ, ಮತ್ತೆ ಕವಾಟ ತೆರೆಸಬಹುದು ಎಂದಳು.

"ಯಾರ ಮನ್ಯಾಗೈತಿ ಹಗೇವು?" ಎಂದ ಗಾದಿಲಿಂಗಪ್ಪ ಮುಖ ಗಂಟಿಕ್ಕಿಕೊಂಡು. "ನಮ್ಮನ್ಯಾಗಿಲ್ಲಪ್ಪ."

"ನಮ್ಮನ್ಯಾಗೂ ಇಲ್ಲ."

"ಇತ್ತು, ಎಂದೋ ಮುಚ್ಚೀವಿ."

"ಕುಮಾರಸ್ವಾಮಿ ಆಣಿ, ನಮ್ಮನ್ಯಾಗ ಹನಿ ಗಾಳಿ ಇಲ್ಲ!"

ಬೆಳಿಗ್ಗೆ ತಾನೇ ಪಂಪು ಒತ್ತಿ ಒತ್ತಿ ಭುಜ ಹಿಡಿದುಕೊಂಡಿದ್ದವರು, ಒಬ್ಬರ ಮೇಲೊಬ್ಬರು ಬಿದ್ದು ದೇವರ ಮೇಲೆ ಆಣೆ ಇಟ್ಟರು. ಮೊದಲು ಅವರು ತೆರೀಲಿ ಎಂದು ಮೇಲೋಣಿಯವರು, ಇವರು ತೆರೀಲಿ ಎಂದು ಕೆಳಗಿನ ಓಣಿಯವರು. ಇದೆಲ್ಲ ಒಕ್ಕೂಟದವನ ಹೂಟ, ಹುಲಿಗೆಮ್ಮ ಅವನ ಕಡೆ ಸೇರಿದ್ದಾಳೆ ಎಂದು ಒಬ್ಬಾಕೆ ಅಂದಳು. ಒಬ್ಬ ಚಪ್ಪಲಿ ತೂರಿದ.

ಗದ್ದಲದ ನಡುವೆ ಎರ್ರಿಸ್ವಾಮಿ ಮೇಸ್ತ್ರಿ ಎದ್ದು ನಿಂತ. ಕೆಮ್ಮು ಮುಗಿಯುವ ತನಕ ಕಾದು, "ನಂದು ಖಾಲಿ ಐತಿ," ಎಂದ.

ಇಡೀ ಭವನ ಘೊಳ್ಳೆಂದು ನಕ್ಕಿತು. ಊರಿಗೆಲ್ಲ ಹಗೇವು ಕಟ್ಟಿಕೊಟ್ಟವನ ಹಗೇವು ಖಾಲಿಯಂತೆ! ಆ ಹಾಳು ದಿನದಲ್ಲಿ ಹುಲಿಗೆಮ್ಮನಿಗೂ ತಡೆಯಲಾಗಲಿಲ್ಲ, ಅವಳೂ ನಕ್ಕಳು. ಎರ್ರಿಸ್ವಾಮಿಯೂ ಪೆಚ್ಚಾಗಿ ನಕ್ಕು ಕೂತುಬಿಟ್ಟ.

*

ಮನೆಗೆ ಬಂದು ಅವಳು ಮೊದಲು ತನ್ನ ಹಗೇವನ್ನು ತೆರೆದಳು. ಹಾವು ಬುಸುಗುಟ್ಟಿದಂತೆ ಗಾಳಿ ಎಷ್ಟೋ ಹೊತ್ತು ಬಂತು. ಕಿವಿ ಗುಂಯ್‌ಗುಟ್ಟಿತು. ಗಾಳಿಮನೆಗೆ ಹೋಗಿ ನೋಡಿದರೆ ಒತ್ತಡದ ಮುಳ್ಳು ಕದಲಿರಲಿಲ್ಲ. ಒಂದು ಮನೆಯ ಗಾಳಿಯಿಂದ ಆಗುವಂಥದ್ದಲ್ಲ.

ಮಾರನೆಯ ದಿನ ಮಗಳಿಗೆ ಹೇಳಿದಳು. ಹೊನ್ನಿ ಕೆರಳಿದಳು.

"ನಮ್ಮದು ತೆಗಿಯಾಕ ಬಿಡಂಗಿಲ್ಲ. ನನ್ನ ಕೂಸಿಗಂತ ಇಟ್ಟದ್ದು."

"ಕೂಸಿಗಂತ ಇಟ್ಟು ಕೂಸನ್ನೇ ಕೊಲ್ತೀ ಏನು?"

"ನಾಳೆ ಒಕ್ಕೂಟದೋರು ನಿಲ್ಲಿಸಿದ್ರ ನೀ ಬರ್ತೀ ಏನು ಊದಾಕ? ಅದರಾಗ ನಮ್ದಷ್ಟ ಅಲ್ಲ, ಬ್ಯಾರೇರು..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಬೇರೆಯವರು ಯಾರು ಎಂದು ಹುಲಿಗೆಮ್ಮ ಕೇಳಲಿಲ್ಲ. ಹೊಟ್ಟೆಯ ಮಗಳನ್ನಾದರೂ ಹಗೇವಿನ ವಿಷಯ ಕೇಳುವುದು ಹೇಗೆ?

ಮಗಳ ಮನೆಯಿಂದ ಹೊರಬೀಳುವಷ್ಟರಲ್ಲಿ ಅವಳು ನಿಶ್ಚಯ ಮಾಡಿಯಾಗಿತ್ತು. ಜನ ತಾವಾಗಿ ತೆರೆಯುವುದಿಲ್ಲ. ಆದರೆ ಹಗೇವುಗಳಿಗೆ ಎರ್ರಿಸ್ವಾಮಿ ಕೂರಿಸಿದ ಬಾಯಿ ಇತ್ತಲ್ಲ, ಗಾಳಿ ಇಳಿದರೆ ಅದು ತಾನೇ ತೆರೆಯುತ್ತದೆ. ಯಂತ್ರವನ್ನು ಹಿಂದುಮುಂದಾಗಿ ನಡೆಸಿ, ಗುಮ್ಮಟದ ಗಾಳಿಯನ್ನು ಗಾಳಿಮನೆಯ ದೊಡ್ಡ ತೊಟ್ಟಿಗೆ ಎಳೆದುಕೊಂಡು, ಊರಿನ ಒತ್ತಡವನ್ನು ಆ ಮಟ್ಟಕ್ಕಿಂತ ಒಂದು ಕೂದಲು ಕೆಳಕ್ಕೆ ಇಳಿಸಿದರೆ ಸಾಕು. ಕಂಪನಿ ಮಾಡಿದ್ದನ್ನೇ ಮಾಡಬೇಕು. ಸ್ವಲ್ಪ ಹೊತ್ತು ಅಷ್ಟೇ. ಪ್ರತಿ ಮನೆಯಲ್ಲೂ ಹಗೇವು ಇದೆ, ಆಣೆ ಇಟ್ಟವರ ಮನೆಯಲ್ಲಿ ಇನ್ನೂ ಹೆಚ್ಚೇ ಇದೆ, ಯಾರಿಗೂ ಏನೂ ಆಗುವುದಿಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಬಸುರಿ ಮಾತ್ರ ಆ ಹೊತ್ತಿನಲ್ಲಿ ಊರಲ್ಲಿ ಇರಕೂಡದು.

ರೆಬೆಲ್ಲೊ ತನ್ನ ಗಾಡಿಯ ಮೆಟ್ಟಿಲ ಮೇಲೆ ಕೂತು ಬನ್ನು ತಿನ್ನುತ್ತಿದ್ದ.

"ನಿಮ್ಮ ಗಾಡ್ಯಾಗ ಪೂರಾ ಗಾಳಿ ಐತೇನ್ರಿ?"

"ಗಾಡಿ ಅಂದರೆ ಒಕ್ಕೂಟದ ನೆಲವೇ. ಅಲ್ಲಿಯ ಗಾಳಿಯೇ ಉಂಟು."

"ನನ್ನ ಮಗಳನ್ನ ಒಂದ್ಹೊತ್ತು ಒಳಗ ಕೂಡಿಸಿಕೊಳ್ರಿ."

"ಆಗುವುದಿಲ್ಲ. ಪರವಾನಗಿ ಇಲ್ಲದೆ ಒಳಗೆ ಕಾಲಿಟ್ಟವರನ್ನು ನಾನು ಬಂಧಿಸಬೇಕಾಗ್ತದೆ."

"ಬಂಧಿಸಿದೋರಿಗೆ ಗಾಳಿ ಕೊಡ್ತೀರೋ ಇಲ್ಲೋ?"

ರೆಬೆಲ್ಲೊ ತಿನ್ನುವುದನ್ನು ನಿಲ್ಲಿಸಿ ಅವಳನ್ನು ನೋಡಿದ. ಅವಳು ಏನು ಮಾಡಹೊರಟಿದ್ದಾಳೆ ಎಂದು ಅವನು ಕೇಳಲಿಲ್ಲ, ಅವನಿಗೂ ಈ ಊರಿನ ಗಾಳಿ ತಾಗಿತ್ತೋ ಏನೋ. "ಬಂಧಿಸಿದವರಿಗೆ ಪೂರಾ ಗಾಳಿ, ಎರಡು ಊಟ. ನಿಯಮ," ಎಂದ. "ನಾನು ನಿಮಗೆ ಉಪಕಾರ ಮಾಡುವವನಲ್ಲ. ನಿಯಮ ಮುರಿದರೆ ಹಿಡಿಯುವವನು."

"ಹಿಡೀರಿ," ಎಂದಳು ಹುಲಿಗೆಮ್ಮ.

ಮರುದಿನ ಬೆಳಿಗ್ಗೆ ಅವಳು ಹೊನ್ನಿಯ ಕೈಯಲ್ಲಿ ರೊಟ್ಟಿಯ ಬುತ್ತಿ ಕೊಟ್ಟು, ಆ ಒಕ್ಕೂಟದವನಿಗೆ ಮುಟ್ಟಿಸಿ ಬಾ, ಮೆಟ್ಟಿಲು ಹತ್ತಿ ಒಳಗೇ ಇಡು ಎಂದಳು. ನಿನ್ನೆಯ ಜಗಳದ ಮೇಲೆ ಅವ್ವ ಮೆತ್ತಗಾಗಿದ್ದಾಳೆ ಎಂದುಕೊಂಡು ಹೊನ್ನಿ ಹೋದಳು. ಗಾಡಿಯ ಬಾಗಿಲು ಮುಚ್ಚಿದ್ದು, ಒಳಗಿನಿಂದ ಅವಳು ಗಾಜಿಗೆ ಬಡಿದದ್ದು ಹುಲಿಗೆಮ್ಮನಿಗೆ ದೂರದಿಂದ ಕಂಡಿತು. ಮಗಳು ಏನು ಕೂಗಿದಳೆಂದು ಕೇಳಿಸಲಿಲ್ಲ. ಬೆನ್ನು ತಿರುಗಿಸಿ ಗಾಳಿಮನೆಗೆ ನಡೆದು ಅಗಳಿ ಹಾಕಿಕೊಂಡಳು.

ಸೈರನ್ ಊದಿದಳು. ಆಮೇಲೆ ಧ್ವನಿವರ್ಧಕ ಹಿಡಿದು, "ನಾನು ಹುಲಿಗೆಮ್ಮ ಮಾತಾಡಾಕತ್ತೀನಿ. ಗಾಳಿ ನಿಲ್ಲಿಸಾಕತ್ತೀನಿ. ಈ ಸಲ ಗಾಬರಿಯಾಗ್ರಿ. ಮನಿಗೆ ಹೋಗ್ರಿ, ಹಗೇವಿನ ಪಕ್ಕ ಕೂಡ್ರಿ," ಎಂದಳು.

ಯಂತ್ರ ನರಳುತ್ತ ತಿರುಗಿತು. ಒತ್ತಡದ ಮುಳ್ಳು ಇಳಿಯಿತು. ಅವಳ ಕಣ್ಣಿನಂಚು ಕಪ್ಪಾಗುತ್ತ ಬಂತು, ಬೆರಳು ಜೋಮು ಹಿಡಿಯಿತು. ಹೊರಗೆ ಜನ ಬಾಗಿಲು ಗುದ್ದುತ್ತಿದ್ದರು. ಗಾದಿಲಿಂಗಪ್ಪ ಅವಳ ಹೆಸರು ಹಿಡಿದು ಬೈಯುತ್ತಿದ್ದ, ಬೈಗುಳ ಬರಬರುತ್ತ ಏದುಸಿರಾಯಿತು. ಮುಳ್ಳು ಗೆರೆ ಮುಟ್ಟಿತು. ಏನೂ ಆಗಲಿಲ್ಲ. ಒಂದು ಕೂದಲು ಕೆಳಗಿಳಿಯಿತು. ಅವಳು ಹಿಡಿಕೆಯ ಮೇಲಿನ ಕೈ ತೆಗೆಯಲಿಲ್ಲ.

ಆಗ ಊರು ಬುಸುಗುಟ್ಟಿತು. ಮೇಲೋಣಿಯಲ್ಲಿ, ಕೆಳಗಿನ ಓಣಿಯಲ್ಲಿ, ಅಧ್ಯಕ್ಷರ ಮನೆಯಲ್ಲಿ, ಕುಮಾರಸ್ವಾಮಿಯ ಮೇಲೆ ಆಣೆ ಇಟ್ಟವರ ಮನೆಯಲ್ಲಿ ಹಗೇವುಗಳು ಬಾಯಿ ಬಿಟ್ಟವು. ಅವಳು ಯಂತ್ರವನ್ನು ಮತ್ತೆ ಸರಿದಿಕ್ಕಿಗೆ ತಿರುಗಿಸಿದಳು. ಮುಳ್ಳು ಏರಿತು. ಹಳೆಯ ಮಟ್ಟ ದಾಟಿತು, ಅವಳು ಈ ಊರಿನಲ್ಲಿ ಎಂದೂ ಕಾಣದ ಗೆರೆಗಳನ್ನು ದಾಟುತ್ತ ಹೋಯಿತು. ತೆಳು ಗಾಳಿಯಲ್ಲಿ ಪಿಸುಮಾತಿನಂತಿದ್ದ ಯಂತ್ರದ ಸದ್ದು ಈಗ ಕಿವಿ ಕಿತ್ತುಹೋಗುವಂತೆ ಮೊಳಗಿತು. ಹೊರಗಿನ ಬೈಗುಳವೂ ಅಷ್ಟೇ ಸ್ಪಷ್ಟವಾಗಿ ಕೇಳಿಸತೊಡಗಿತು. ಅವಳು ಕವಾಟದ ಹತ್ತಿರ ಹೋಗಿ ರೆಬೆಲ್ಲೊನನ್ನು ರೇಡಿಯೊದಲ್ಲಿ ಕರೆದಳು. "ನಿಮ್ಮ ಮುಳ್ಳು ತಗೊಂಡು ಬರ್ರಿ," ಎಂದಳು.

ಆ ಹಗಲೆಲ್ಲ ಕವಾಟ ತೆರೆದೇ ಇತ್ತು. ಗಾಳಿ ಮರಳಿದ ಮೇಲೆ ಊರೆಲ್ಲ ಗಾಳಿಮನೆಯ ಮುಂದೆ ನೆರೆದಿತ್ತು, ಮನೆಗಳಲ್ಲಿ ಪಂಪು ಒತ್ತುವವರಿರಲಿಲ್ಲ. ಮುಳ್ಳು ನಡುವಿನಿಂದ ಅಲುಗಲಿಲ್ಲ. ರೆಬೆಲ್ಲೊ ವರದಿಗೆ ರುಜು ಹಾಕಿದ. ಅಭಿನಂದನೆ ಹೇಳಲಿಲ್ಲ.

ಎರ್ರಿಸ್ವಾಮಿ ಸಿಕ್ಕಿದ್ದು ಸಂಜೆ. ಸೈರನ್ ಕೇಳಿ ಎಲ್ಲರಂತೆ ಬಾಗಿಲು ಬಿಗಿದುಕೊಂಡಿದ್ದ. ಹಗೇವಿನ ಪಕ್ಕದಲ್ಲೇ ಗೋಡೆಗೆ ಒರಗಿ ಕೂತಿದ್ದ. ತಾನೇ ಕೂರಿಸಿದ ಬಾಯಿ ಸರಿಯಾಗಿಯೇ ತೆರೆದಿತ್ತು. ಒಳಗೆ ಏನೂ ಇರಲಿಲ್ಲ. ಬೇರೆಯವರಿಗೆ ತಲೆ ಸುತ್ತಿಸಿ ಬಿಟ್ಟ ಆ ಸ್ವಲ್ಪ ಹೊತ್ತು ಧೂಳು ತಿಂದ ಅವನ ಎದೆಯನ್ನು ನಿಲ್ಲಿಸಲು ಸಾಕಾಗಿತ್ತು.

*

ಕೆಂಗುಳಿ ಒಕ್ಕೂಟ ಸೇರಿದ ದಿನ ಹುಲಿಗೆಮ್ಮ ಸೆರೆಮನೆಯಲ್ಲಿದ್ದಳು. ಕಂಪನಿಯ ಹಳೇ ಉಗ್ರಾಣಕ್ಕೆ ಕಂಬಿ ಹಾಕಿ ಮಾಡಿದ ಸೆರೆಮನೆ. ಕವಾಟ ಶಾಶ್ವತವಾಗಿ ತೆರೆಯುವ ಮುಂಚೆ ಸೈರನ್ ಬೇಡವೆಂದು ಊರವರು ಹಟ ಹಿಡಿದು ಡೊಳ್ಳು ಬಾರಿಸಿದರು. ದಪ್ಪ ಗಾಳಿಯಲ್ಲಿ ಡೊಳ್ಳು ಎದೆಗೆ ಬಡಿಯುವಂತೆ ಕೇಳಿತು. ಮೆರವಣಿಗೆ ಸೆರೆಮನೆಯ ಮುಂದೆ ಬಂದಾಗ ಡೊಳ್ಳು ನಿಂತಿತು. ಜನ ಒಬ್ಬೊಬ್ಬರಾಗಿ ನೆಲಕ್ಕೆ ಉಗುಳಿ ಮುಂದೆ ಹೋದರು. ನಮ್ಮ ಉಸಿರು ನಿಲ್ಲಿಸಿ ತನ್ನ ಮಗಳನ್ನು ಶತ್ರುವಿನ ಗಾಡಿಯಲ್ಲಿ ಬಚ್ಚಿಟ್ಟವಳು ಎಂಬ ಮಾತು ಸುಳ್ಳಾಗಿರಲಿಲ್ಲವಾದ್ದರಿಂದ ಅವಳು ಎದುರಾಡಲಿಲ್ಲ. ಎರ್ರಿಸ್ವಾಮಿಯ ಹೆಸರು ಬಂದಾಗಲೂ ಆಡಲಿಲ್ಲ. ಅವನು ಸಭೆಯಲ್ಲಿ ಎದ್ದು ನಿಂತದ್ದು, ತಾನು ನಕ್ಕದ್ದು ನೆನಪಾದಾಗಲೆಲ್ಲ ಮುಂದಿನ ತಟ್ಟೆ ದೂಡಿ ಏಳುತ್ತಿದ್ದಳು.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಓಣಿಯಾಚೆಯಿಂದ ಒಂದು ಅಳು ಬಂತು. ಕೆಂಗುಳಿಯಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಯಾರೂ ಅಷ್ಟು ಗಟ್ಟಿಯಾದ ಹಸುಗೂಸಿನ ಅಳು ಕೇಳಿರಲಿಲ್ಲ. ಕಾವಲಿನ ದುರುಗಮ್ಮ ಬೆಚ್ಚಿ ಎದ್ದು ನಿಂತಳು. ಹುಲಿಗೆಮ್ಮ ಕಂಬಿ ಹಿಡಿದು ನಿಂತು, ಅಳು ನಿಲ್ಲುವ ತನಕ ಕೇಳಿಸಿಕೊಂಡಳು.

ಬಾಣಂತನ ಮುಗಿದ ಮೇಲೆ ಹೊನ್ನಿ ಬಂದಳು. ಕೂಸು ಹೆಗಲ ಮೇಲೆ ಮಲಗಿತ್ತು. ಕಂಬಿಗೆ ಕೈಗೆಟುಕದಷ್ಟು ದೂರದಲ್ಲಿ ನಿಂತಳು.

"ನೀ ನೋಡ್ಲಿ ಅಂತ ಕೂಸು ತಂದಿಲ್ಲ," ಎಂದಳು. "ಒಂದ್ ಮಾತು ಹೇಳಿ ಹೋಗಾಕ ಬಂದೀನಿ. ಎರ್ರಿಸ್ವಾಮಿ ಕಾಕಂದು ಖಾಲಿ ಇತ್ತಂತ ನನಗ ಗೊತ್ತಿತ್ತು. ದಿನಾ ಆ ಸಣ್ಣ ಸಿಲಿಂಡರ್‌ನಾಗ ತಂದು ನಮ್ಮ ಹಗೇವಿಗೆ ಹಾಕಿ ಹೋಗ್ತಿದ್ದ. ನನಗೆಷ್ಟು ದಿನ ಬೇಕಬೇ, ನಿನ್ನ ಕೂಸಿಗಿರಲಿ ಅಂತಿದ್ದ."

ಹುಲಿಗೆಮ್ಮ ಕಂಬಿ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು.

"ನನ್ನ ಕೇಳಿದ್ದರ ಹೇಳ್ತಿದ್ದೆ. ಅವನೂ ಸಭೆಯಾಗ ಎದ್ದು ಹೇಳಿದ್ನಂತ. ನೀನೂ ನಕ್ಕೆಂತ."

"ನಕ್ಕೆ," ಎಂದಳು ಹುಲಿಗೆಮ್ಮ.

"ನನ್ನ ಮೋಸ ಮಾಡಿ ಕೂಡಿಹಾಕಿಸಿದಿ. ನೀ ಏನ ಮಾಡಾಕ ಹೊಂಟಿ ಅಂತ ತಿಳಿದು ಗಾಜು ಬಡಿದು ಬಡಿದು ಹೇಳಿದೆ. ಆ ಮನುಷ್ಯಗ ಹಗೇವು ಅಂದ್ರೇನಂತ ತಿಳೀಲಿಲ್ಲ. ನೀ ಹೊಳ್ಳಿ ನೋಡಲಿಲ್ಲ." ಹೊನ್ನಿಯ ದನಿ ಒಡೆಯಿತು. ಕೂಸು ಮಿಸುಕಿತು, ಅವಳು ಬೆನ್ನು ತಟ್ಟಿದಳು. ಆ ಕೈಯ ಬೆರಳ ಸಂದಿಯಲ್ಲಿ ಕಪ್ಪು ಜಿಡ್ಡು ಕೂತಿತ್ತು. ಪಂಪಿನ ಜಿಡ್ಡು. ಗಾಳಿಮನೆಯಲ್ಲಿ ಅರ್ಧ ಆಯುಷ್ಯ ಕಳೆದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಒಕ್ಕೂಟದಲ್ಲಿ ಹಗೇವು ಅಪರಾಧ. ಸಿಕ್ಕಿಬಿದ್ದರೆ ಇಡೀ ಊರನ್ನು ಕೊಳವೆಯಿಂದ ಕಳಚುತ್ತಾರೆ.

ಬೈಯಬೇಕೆಂದು ಬಾಯಿ ತೆರೆದವಳು ಬೈಯಲಿಲ್ಲ. ಕಂಬಿಗೆ ಹಣೆ ಹಚ್ಚಿ, ಮಗಳ ಮುಖವನ್ನೇ ನೋಡುತ್ತ, "ಹೊನ್ನಿ, ನಿನ್ನ ಹಗೇವಿನಾಗ ಎಷ್ಟೈತಿ?" ಎಂದಳು.

ದುರುಗಮ್ಮ ಕೂತಲ್ಲಿಂದ ಎದ್ದುಬಿಟ್ಟಳು. ಹೊನ್ನಿಯ ಮುಖ ಹೊಡೆತ ತಿಂದವಳಂತೆ ಕೆಂಪಾಯಿತು. ಹೊರಟೇ ಹೋಗುತ್ತಾಳೆ ಎನಿಸಿತು. ಅವಳು ಹೋಗಲಿಲ್ಲ. ಕೂಸನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡಳು, ಬಾಗಿಲ ಕಡೆ ನೋಡಿದಳು, ಮತ್ತೆ ಅವ್ವನ ಕಡೆ ನೋಡಿದಳು.

"ಅರ್ಧ," ಎಂದಳು. ಆಮೇಲೆ ಕಷ್ಟಪಟ್ಟು ಅವಳೂ ಕೇಳಿದಳು. "ನಿಂದು?"

"ಖಾಲಿ ಐತಿ," ಎಂದಳು ಹುಲಿಗೆಮ್ಮ.

ಈ ಸಲ ಯಾರೂ ನಗಲಿಲ್ಲ.